ಕುರಿಯ ಕರುಳು, ಅತ್ತೆಯ ಕಿವಿ

ಪ್ರತಿ ಮನೆಯಲ್ಲೂ ಅಂಥದೊಂದು ಡ್ರಾಯರ್ ಇರುತ್ತದೆ. ನಿಮ್ಮ ಮನೆಯಲ್ಲೂ ಇದೆ, ಇಲ್ಲ ಎನ್ನಬೇಡಿ. ಸತ್ತ ಬ್ಯಾಟರಿ, ಯಾವ ಬೀಗಕ್ಕೂ ಸೇರದ ಬೀಗದ ಕೈ, ರಬ್ಬರ್ ಬ್ಯಾಂಡು, ಊರಿನ ದೇವಸ್ಥಾನದ ಕುಂಕುಮದ ಪೊಟ್ಟಣ, ಅಂಗಡಿ ಮುಚ್ಚಿ ವರ್ಷಗಳಾದ ಪಿಜ್ಜಾದವನ ಕೂಪನ್ನು, ಎಲ್ಲವೂ ಜಗಳವಿಲ್ಲದೆ ಸಂಸಾರ ಮಾಡಿಕೊಂಡಿರುವ ಡ್ರಾಯರ್. ನನ್ನ ಹೆಂಡತಿ ಶೈಲಾಗೆ ವರ್ಷಕ್ಕೊಮ್ಮೆ ಅದರ ಮೇಲೆ ಕಣ್ಣು ಬೀಳುತ್ತದೆ. ಮೊನ್ನೆ ಬಿತ್ತು.

"ರೀ, ಇದೇನಿದು ಒಣಗಿದ ಶಾವಿಗೆ? ಬಿಸಾಕ್ಲಾ?"

ನಾನು ಓದುತ್ತಿದ್ದ ಪೇಪರನ್ನು ಎಸೆದು ಓಡಿದೆ. ಈ ವಯಸ್ಸಿನಲ್ಲಿ ನಾನು ಓಡುವುದು ರೈಲು ತಪ್ಪುವಾಗ ಮಾತ್ರ, ಆದ್ದರಿಂದ ಅವಳಿಗೂ ಗಾಬರಿಯಾಯಿತು. ಅವಳ ಎರಡು ಬೆರಳುಗಳ ನಡುವೆ ಒಂದು ಗೇಣುದ್ದದ, ಹಳದಿಗೆ ತಿರುಗಿದ, ಒಂದು ತುದಿ ಸುರುಟಿಕೊಂಡ ಎಳೆ ನೇತಾಡುತ್ತಿತ್ತು.

"ಅದು ಶಾವಿಗೆ ಅಲ್ಲ ಮಾರಾಯ್ತಿ. ಕುರಿ ಕರುಳು!"

ಮಡಿಕುಟುಂಬದಿಂದ ಬಂದ ಇನ್ಯಾರಾದರೂ ಆಗಿದ್ದರೆ ಅದನ್ನು ಅಲ್ಲೇ ಕೈಬಿಟ್ಟು ಸೋಪು ಹುಡುಕುತ್ತಿದ್ದರು. ಶೈಲಾ ಹಾಗೆ ಮಾಡಲಿಲ್ಲ. "ಅಯ್ಯೋ, ಆ ಮರಿಯನ್ ಕೊಟ್ಟಿದ್ದಾ? ಇನ್ನೂ ಇಟ್ಕೊಂಡಿದೀರಾ?" ಎಂದವಳೇ ಅದನ್ನು ಸುರುಳಿ ಸುತ್ತಿ ಕುಂಕುಮದ ಪೊಟ್ಟಣದ ಪಕ್ಕದಲ್ಲಿಟ್ಟು ಡ್ರಾಯರ್ ಮುಚ್ಚಿದಳು. ಕುರಿಯ ಕರುಳಿಗೆ ನಮ್ಮ ಮನೆಯಲ್ಲಿ ಕುಂಕುಮದ ಪಕ್ಕ ಜಾಗ ಸಿಕ್ಕಿದ್ದು ಹೇಗೆ ಎಂದು ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ನೇರವಾಗಿ ಹೇಳಿ ನನಗೆ ಅಭ್ಯಾಸವಿಲ್ಲ. ನ್ಯಾಯವಾಗಿ ಈ ಕಥೆ ಸ್ಪೇನ್ ದೇಶದಿಂದ ಶುರುವಾಗಬೇಕು. ಆದರೆ ಸಿಡ್ನಿಯಿಂದ ಮೆಲ್ಬರ್ನಿಗೆ ದಾರಿ ಕೇಳಿದರೂ ನಾನು ಮೈಸೂರಿನ ಚಾಮರಾಜಪುರಂನಿಂದ ಶುರುಮಾಡುತ್ತೇನೆ ಎಂಬುದು ಶೈಲಾಳ ಹಳೆಯ ದೂರು.

ಚಾಮರಾಜಪುರಂನಲ್ಲಿದ್ದವಳು ಪದ್ದತ್ತೆ, ನನ್ನ ತಂದೆಯ ತಂಗಿ. ಪದ್ಮಾವತಿ ಎಂಬ ಪೂರ್ತಿ ಹೆಸರು ಇದ್ದದ್ದು ರೇಷನ್ ಕಾರ್ಡಿನಲ್ಲಿ ಮಾತ್ರ. ಅವಳು ಸಂಜೆ ಐದರಿಂದ ಏಳರವರೆಗೆ ನಡುಮನೆಯಲ್ಲಿ ವೀಣೆ ಪಾಠ ಹೇಳುತ್ತಿದ್ದಳು. ಬರುತ್ತಿದ್ದವರೆಲ್ಲ ಹುಡುಗಿಯರು. ಹನ್ನೊಂದು ಜಡೆಗಳ ನಡುವೆ ಒಂದೇ ಒಂದು ಕ್ರಾಪು, ಅದು ನನ್ನದು. ನಮ್ಮ ಬೀದಿಯ ಕ್ರಿಕೆಟ್ ತಂಡ ನನಗೆ 'ವೀಣಾ ಮೇಡಂ' ಎಂದು ನಾಮಕರಣ ಮಾಡಿತ್ತು. ನಾನು ಬೌಲ್ಡ್ ಆದರೆ "ಮೇಡಂ ಔಟ್!" ಎಂಬ ಕೂಗು ಪದ್ದತ್ತೆಯ ನಡುಮನೆಗೂ ಕೇಳುತ್ತಿತ್ತು. ಅವಳು ನಗುತ್ತಿದ್ದಳು, ಆದರೆ ಪಾಠ ತಪ್ಪಿಸಲು ಬಿಡುತ್ತಿರಲಿಲ್ಲ.

ನುಡಿಸುವುದರಲ್ಲಿ ನಾನು ತೀರಾ ಸಾಧಾರಣ. ಇದನ್ನು ವಿನಯದಿಂದ ಹೇಳುತ್ತಿಲ್ಲ, ಕೇಳಿದವರು ಯಾರಾದರೂ ಬದುಕಿದ್ದರೆ ವಿಚಾರಿಸಬಹುದು. ನನಗೆ ಇಷ್ಟವಾಗುತ್ತಿದ್ದದ್ದು ಮೇಳ ಕಟ್ಟುವ ದಿನ. ವೀಣೆಯ ಕೊರಳ ಮೇಲೆ ಇಪ್ಪತ್ತನಾಲ್ಕು ಹಿತ್ತಾಳೆಯ ಮೆಟ್ಟಿಲುಗಳಿರುತ್ತವೆಯಲ್ಲ, ಅವನ್ನು ಮೊಳೆ ಹೊಡೆದು ಕೂರಿಸಿರುವುದಿಲ್ಲ. ಕಪ್ಪು ಮೇಣದಲ್ಲಿ ನೆಟ್ಟಿರುತ್ತಾರೆ. ಮೇಣಕ್ಕೆ ವಯಸ್ಸಾದರೆ ಮೆಟ್ಟಿಲು ಅಲುಗುತ್ತದೆ, ಸ್ವರ ಜಾರುತ್ತದೆ. ಆಗ ಹಳೆಯ ಮೇಣ ತೆಗೆದು ಹೊಸದಾಗಿ ಮೆಟ್ಟಿಲು ಕೂರಿಸುವುದೇ ಮೇಳ ಕಟ್ಟುವುದು. ಎರಡು ಮೂರು ವರ್ಷಕ್ಕೊಮ್ಮೆ ರಾಮಯ್ಯ ಎಂಬುವರು ಬಂದು ಜಗಲಿಯಲ್ಲಿ ಇದ್ದಿಲ ಒಲೆ ಹೂಡುತ್ತಿದ್ದರು. ಮೇಣ ಕರಗುವಾಗ ಆರಿಸಿದ ದೀಪದ್ದೋ ಜೇನಿನದ್ದೋ ಹೇಳಲಾಗದ ಒಂದು ವಾಸನೆ ಬೀದಿಯ ಕೊನೆಯವರೆಗೆ ಹೋಗುತ್ತಿತ್ತು. ಅತ್ತೆ ಎದುರಿಗೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ರಾಮಯ್ಯನವರು ಒಂದೊಂದೇ ಮೆಟ್ಟಿಲು ಕೂರಿಸಿ ತಂತಿ ಮೀಟಬೇಕು, ಅತ್ತೆ ತೀರ್ಪು ಕೊಡಬೇಕು.

"ಒಂದು ಸಾಸಿವೆ ಮುಂದೆ."

"ಅರ್ಧ ಎಳ್ಳು ಹಿಂದೆ."

"ಅಯ್ಯೋ ರಾಮಯ್ಯ, ಮೆಣಸಿನ ಕಾಳಷ್ಟು ತಪ್ಪಿದೆಯಲ್ಲಪ್ಪ, ಎಲ್ಲಿದೆ ನಿಮ್ಮ ಜ್ಞಾನ?"

ಅತ್ತೆಯ ಕಿವಿಯ ಅಳತೆಗಳೆಲ್ಲ ಅಡುಗೆಮನೆಯ ಡಬ್ಬಿಗಳಿಂದ ಬರುತ್ತಿದ್ದವು. ನಾನು ಸ್ಟೂಡೆಂಟ್ ವೀಸಾ ಹಿಡಿದು ಸಿಡ್ನಿಗೆ ಹೊರಟಾಗ ತನ್ನ ಎರಡು ವೀಣೆಗಳಲ್ಲಿ ಒಂದನ್ನು ಕೊಟ್ಟು ಒಂದೇ ಷರತ್ತು ಹಾಕಿದಳು. "ಪೆಟ್ಟಿಗೇಲಿ ಮಲಗಿಸಿಡಬೇಡ. ದಿನಾ ಒಂದು ಸರಳೆಯಾದ್ರೂ ನುಡಿಸು." ನಾನು ಹೂಂ ಎಂದೆ. ಹೊರಡುವ ಆತುರದಲ್ಲಿ ಮನುಷ್ಯ ಯಾವುದಕ್ಕೆ ತಾನೇ ಹೂಂ ಎನ್ನುವುದಿಲ್ಲ?

ಓದು ಮುಗಿಯಿತು, ಅಲ್ಲೇ ನೆಲೆಸಲು ಪಿಆರ್ ಸಿಕ್ಕಿತು, ಮದುವೆಯಾಯಿತು. ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಸ್ಟೇಷನ್ ಹತ್ತಿರ ಎರಡು ರೂಮಿನ ಫ್ಲಾಟು, ನಡೆದು ಹೋಗುವಷ್ಟು ದೂರದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಆ ವರ್ಷ ನಮ್ಮ ಕನ್ನಡದವರ ಸಂಕ್ರಾಂತಿ ಕಾರ್ಯಕ್ರಮದಲ್ಲಿ ನನ್ನ ಹತ್ತು ನಿಮಿಷದ ವೀಣಾವಾದನ ಎಂದು ಯಾರೋ ಪುಣ್ಯಾತ್ಮರು ಅಚ್ಚು ಹಾಕಿಸಿಬಿಟ್ಟಿದ್ದರು. ಕೆಲಸ ಮುಗಿಸಿ ನೇರವಾಗಿ ಹೋಗೋಣವೆಂದು ಅವತ್ತು ಬೆಳಗ್ಗೆ ಕಾರು ತೆಗೆದು, ವೀಣೆಯನ್ನು ಡಿಕ್ಕಿಯಿಂದ ಹಿಂದಿನ ಸೀಟಿನವರೆಗೆ ಉದ್ದಕ್ಕೆ ಮಲಗಿಸಿದೆ. ನೆರಳಿಲ್ಲದ ಕಾರ್‌ಪಾರ್ಕಿನಲ್ಲಿ ಕಾರು ನಿಲ್ಲಿಸಿ ಒಳಗೆ ಹೋದೆ.

ಮೈಸೂರಿನವನ ತಲೆಯಲ್ಲಿ ಸಂಕ್ರಾಂತಿ ಎಂದರೆ ಸ್ವೆಟರಿನ ಕಾಲ. ಆಸ್ಟ್ರೇಲಿಯಾದಲ್ಲಿ ಅದು ನಡುಬೇಸಿಗೆ ಎಂದು ಐದು ವರ್ಷದಿಂದ ಬೆವರುತ್ತಿದ್ದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಎಳ್ಳು ಬೆಲ್ಲದ ಪೊಟ್ಟಣ ಕೈಯಲ್ಲಿದ್ದಾಗ ಬುದ್ಧಿ ಹಳೆಯ ಕ್ಯಾಲೆಂಡರಿಗೇ ಹೋಗುತ್ತದೆ. ಎಂಟು ಗಂಟೆ ಕಾಲ, ನಲವತ್ತು ಡಿಗ್ರಿಯಲ್ಲಿ ಪದ್ದತ್ತೆಯ ವೀಣೆ ಆ ಕಾರಿನಲ್ಲಿತ್ತು. ಸಂಜೆ ಡಿಕ್ಕಿ ತೆಗೆದರೆ ಚಾಮರಾಜಪುರಂನ ಜಗಲಿಯ ವಾಸನೆ ಮುಖಕ್ಕೆ ಬಡಿಯಿತು. ಒಂದು ಕ್ಷಣ ಖುಷಿಯಾಯಿತು, ನೋಡಿ. ಆಮೇಲೆ ಅರ್ಥವಾಯಿತು.

ಮೆಟ್ಟಿಲುಗಳು ಮದುವೆಯೂಟ ಮುಗಿಸಿದ ಬೀಗರ ಹಾಗೆ ಒಂದರ ಮೇಲೊಂದು ಒರಗಿ ಮಲಗಿದ್ದವು. ಕೆಲವು ಮೇಣದ ಜೊತೆ ಪಕ್ಕಕ್ಕೆ ಹರಿದುಹೋಗಿದ್ದವು. ಅವತ್ತು ನನ್ನ ಹತ್ತು ನಿಮಿಷದಲ್ಲಿ ಮಕ್ಕಳು ಇನ್ನೊಂದು ಸಲ ಕೋಲಾಟ ಆಡಿದರು, ನಾನು ಚಪ್ಪಾಳೆ ತಟ್ಟಿದೆ.

ಅತ್ತೆಗೆ ಹೇಳಲಿಲ್ಲ. ಪ್ರತಿ ಭಾನುವಾರ ಫೋನ್ ಕಾರ್ಡ್ ಉಜ್ಜಿ ನಂಬರ್ ಒತ್ತಿ ಮಾತನಾಡುತ್ತಿದ್ದೆ. ಅವಳ ಮೊದಲ ಪ್ರಶ್ನೆ "ನುಡಿಸಿದ್ಯೇನೋ?" ನನ್ನ ಮೊದಲ ಉತ್ತರ "ಹೂಂ ಅತ್ತೆ." ಹೀಗೆ ನಾಲ್ಕು ವರ್ಷ. ಒಂದು ಸಲ ಮಾತ್ರ "ಎಲ್ಲಿ, ಸ್ವಲ್ಪ ನುಡಿಸು, ಕೇಳೋಣ" ಎಂದುಬಿಟ್ಟಳು. ಕಳ್ಳನಿಗೊಂದು ಪಿಳ್ಳೆ ನೆವ ಸಾಕು, ನನ್ನ ಹತ್ತಿರ ಒಂದು ಕ್ಯಾಸೆಟ್ಟೇ ಇತ್ತು. ಊರು ಬಿಡುವ ಮೊದಲು ಅತ್ತೆ ಮನೆಯಲ್ಲಿ ನುಡಿಸುತ್ತಿದ್ದಾಗ ನಾನೇ ರೆಕಾರ್ಡ್ ಮಾಡಿಕೊಂಡದ್ದು. ರಿಸೀವರನ್ನು ಟೇಪ್ ರೆಕಾರ್ಡರಿಗೆ ಹಿಡಿದೆ. ಮುಗಿದ ಮೇಲೆ ಅತ್ತೆ "ಪರವಾಗಿಲ್ಲ. ಗಮಕ ಸಾಲದು. ಬೆರಳು ಸೋಮಾರಿಯಾಗಿದೆ" ಎಂದಳು. ತನ್ನದೇ ವಾದನಕ್ಕೆ! ಫೋನ್ ಇಟ್ಟ ಮೇಲೆ ನಾನೂ ಶೈಲಾಳೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗುವಿಗೆ ಈಗ ನಾಚಿಕೆಯಾಗುತ್ತದೆ.

ನಾಲ್ಕನೆಯ ವರ್ಷದ ಒಂದು ಭಾನುವಾರ ಫೋನ್ ಎತ್ತಿದವಳು ಅತ್ತೆಯ ಮಗಳು ವಿಜಿ. "ಅಮ್ಮನ ಬಲಗಿವಿ ಪೂರ್ತಿ ಹೋಗಿದೆ ಶ್ರೀನಿ. ಎಡಗಿವೀನೂ ಇನ್ನು ಹೆಚ್ಚು ದಿನ ಇಲ್ಲ ಅಂತಾರೆ ಡಾಕ್ಟ್ರು. ಪಾಠ ಎಲ್ಲ ನಿಲ್ಲಿಸಿದಾಳೆ."

ನನ್ನ ತಲೆಗೆ ಮೊದಲು ಬಂದ ಯೋಚನೆಯನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಶೈಲಾಗೂ ಹೇಳಿಲ್ಲ. ಸದ್ಯ, ಇನ್ನು ಸಿಕ್ಕಿಬೀಳುವ ಭಯವಿಲ್ಲ ಎಂದುಕೊಂಡೆ. ಎರಡನೆಯ ಯೋಚನೆ ಬಂದಾಗ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಅತ್ತೆಗೆ ಕಿವಿ ಇರುವಷ್ಟರಲ್ಲಿ ಆ ವೀಣೆ ಒಂದು ಸಲವಾದರೂ ನಿಜವಾಗಿ ನುಡಿಯಬೇಕು. ಆದರೆ ಮೇಳ ಕಟ್ಟುವವರು ಸಿಡ್ನಿಯಲ್ಲಿ ಎಲ್ಲಿದ್ದಾರೆ? ವಿಚಾರಿಸಿದವರೆಲ್ಲ ಮುಂದಿನ ಸಲ ಇಂಡಿಯಾಕ್ಕೆ ಹೋಗುವಾಗ ತೆಗೆದುಕೊಂಡು ಹೋಗಿ ಎಂದರು. ನನ್ನ ಮುಂದಿನ ಸಲ ಇನ್ನೂ ಒಂದೂವರೆ ವರ್ಷ ದೂರವಿತ್ತು.

ಇಷ್ಟು ಹೊತ್ತಿಗೆ ನಿಮಗೆ ಸ್ಪೇನ್ ಮರೆತೇ ಹೋಗಿರಬೇಕು. ಈಗ ಬಂತು.

ಲ್ಯಾಬಿನಲ್ಲಿ ನನ್ನ ಪಕ್ಕದ ಬೆಂಚಿನವಳಿಗೆ ಮುಂದೊಂದು ಭಾನುವಾರ ಬೇರೆ ಕೆಲಸ ಬಿತ್ತು, ಅವಳ ಎರಡು ಟಿಕೆಟ್ ನಮಗೆ ಸಿಕ್ಕವು. ಸಿಡ್ನಿ ನಗರದ ಒಂದು ಕಲ್ಲಿನ ಚರ್ಚಿನಲ್ಲಿ ಮಧ್ಯಾಹ್ನದ ಕಛೇರಿ. ಐನೂರು ವರ್ಷದ ಹಿಂದಿನ ಸ್ಪೇನಿನ ಹಾಡುಗಳು, ಅದಕ್ಕೂ ಮೊದಲು ಆ ದೇಶದ ದಕ್ಷಿಣವನ್ನು ಶತಮಾನಗಟ್ಟಲೆ ಆಳಿದ ಮೂರ್ ಎಂಬ ಮುಸ್ಲಿಮರ ಸಂಗೀತ, ಎಲ್ಲವೂ ಆ ಕಾಲದ ಮಾದರಿಯ ವಾದ್ಯಗಳಲ್ಲಿ. ನಾವು ಹೋದದ್ದು ಬಿಟ್ಟಿ ಟಿಕೆಟ್ ಎಂಬ ಒಂದೇ ಆಕರ್ಷಣೆಗೆ.

ನಾಲ್ಕೇ ಜನ. ಮರಿಯನ್ ಎಂಬಾಕೆಯ ತೊಡೆಯ ಮೇಲೆ ಗಿಟಾರಿನ ಮುತ್ತಜ್ಜಿಯಂಥ ಒಂದು ವಾದ್ಯ. ಅದರ ಹೆಸರು ವಿಹುವೆಲಾ ಅಂತೆ. ಸಣ್ಣ ಸೊಂಟ, ಜೋಡಿ ಜೋಡಿ ತಂತಿಗಳು. ಪಕ್ಕದಲ್ಲಿ ಸಲೀಂ ಎಂಬ ಗಡ್ಡದವನು, ಅವನ ಮಡಿಲಲ್ಲಿ ಅರ್ಧ ಕುಂಬಳಕಾಯಿಯಂತೆ ಉಬ್ಬಿದ ಬೆನ್ನಿನ ಊದ್. ಅದನ್ನು ಅವನು ಹಕ್ಕಿಯ ಗರಿಯಿಂದ ಮೀಟುತ್ತಿದ್ದ. ಒಬ್ಬಳು ಹಾಡುವವಳು, ಒಬ್ಬ ದೊಡ್ಡ ತಮಟೆಯಂಥ ವಾದ್ಯದವನು. ಮೈಕಿಲ್ಲ. ಮೊದಲ ಕಾಲು ಗಂಟೆ ಶ್ರುತಿ ಮಾಡಿದರು. ಒಂದು ಹಾಡು ಹಾಡಿ ಮತ್ತೆ ಶ್ರುತಿ ಮಾಡಿದರು. ಶೈಲಾ ವಾಚ್ ನೋಡಿದಳು. ನನಗೆ ಮಾತ್ರ ಎಲ್ಲೋ ಒಳಗೆ ಹಿತವಾಗತೊಡಗಿತು. ಶ್ರುತಿಗಾಗಿ ಇಷ್ಟು ಕೊರಗುವವರನ್ನು ನಾನು ನೋಡಿ ಬಹಳ ವರ್ಷವಾಗಿತ್ತು.

ಆಮೇಲೆ ಊದ್ ಒಂಟಿಯಾಗಿ ಹೊರಟಿತು. ತಾಳವಿಲ್ಲ, ಆತುರವಿಲ್ಲ. ಒಂದು ಸ್ವರದ ಸುತ್ತ ಪ್ರದಕ್ಷಿಣೆ ಹಾಕಿ, ಮೇಲಿನದನ್ನು ಮುಟ್ಟಿಯೂ ಮುಟ್ಟದ ಹಾಗೆ ಹಿಂದೆ ಬಂದು, ಮತ್ತೆ ಹೋಗಿ. ಇದು ನಮ್ಮ ಆಲಾಪನೆ ಎಂದು ನಾನು ಹೇಳಿದರೆ ತಿಳಿದವರು ಬಯ್ಯುತ್ತಾರೆ, ಆದ್ದರಿಂದ ಹೇಳುವುದಿಲ್ಲ. ಆದರೆ ನನ್ನ ತೋಳಿನ ಮೇಲೆ ಕೂದಲು ನಿಂತದ್ದು ನಿಜ. ತಂತಿಯ ಸದ್ದು ಎಷ್ಟು ಮೆತ್ತಗಿತ್ತೆಂದರೆ ಮುನ್ನೂರು ಜನ ಉಸಿರನ್ನೂ ಸಣ್ಣದು ಮಾಡಿಕೊಂಡಿದ್ದರು. ಆಮೇಲೆ ತಮಟೆಯವನೂ ಮರಿಯನ್‌ಳೂ ಸೇರಿಕೊಂಡರು. ತ-ಕ-ತ-ಕಿ-ಟ, ತ-ಕ-ತ-ಕಿ-ಟ. ಐದರ ಲೆಕ್ಕ, ಅಪ್ಪಟ ಖಂಡ ಛಾಪು! ಮುಂದಿನದಕ್ಕೆ ನಾನು ಜವಾಬ್ದಾರನಲ್ಲ. ಚಿಕ್ಕಂದಿನಿಂದ ಕಛೇರಿ ಎಂದರೆ ತೊಡೆ ತಟ್ಟಿ ತಾಳ ಹಾಕುವುದೆಂದು ನನ್ನ ಬಲಗೈಗೆ ಗೊತ್ತು. ಅದು ತಟ್ಟತೊಡಗಿತು. ಕಲ್ಲಿನ ಚರ್ಚು ಪ್ರತಿ ಪೆಟ್ಟನ್ನೂ ಎತ್ತಿಕೊಂಡು ಮೂಲೆಮೂಲೆಗೆ ಹಂಚಿತು. ಸಾಲದ್ದಕ್ಕೆ ಒಂದು ತಿರುವಿನಲ್ಲಿ ನನ್ನ ಬಾಯಿ "ಭೇಷ್!" ಎಂದಿತು. ಮುಂದಿನ ಸಾಲಿನ ಬೆಳ್ಳಿಕೂದಲಿನ ಅಜ್ಜಿ ಪೂರ್ತಿ ತಿರುಗಿ ನನ್ನನ್ನು ನೋಡಿದರು. ಶೈಲಾ ನನ್ನ ಕೈ ಹಿಡಿದು ತನ್ನ ಕೈಚೀಲದ ಕೆಳಗೆ ಒತ್ತಿಟ್ಟಳು. ಉಳಿದ ಕಛೇರಿಯನ್ನು ನಾನು ಒಂದು ಕೈ ಸೆರೆಯಲ್ಲಿಟ್ಟುಕೊಂಡೇ ಕೇಳಿದೆ.

ಕೊನೆಯ ಹಾಡಿನ ನಡುವೆ ಮರಿಯನ್‌ಳ ಮೇಲಿನ ತಂತಿ ಟಪ್ಪೆಂದು ಹರಿಯಿತು. ಅವಳು ಗಾಬರಿಯಾಗಲಿಲ್ಲ. "ಇದು ಕುರಿಯ ಕರುಳು. ಸಿಡ್ನಿಯ ಹವೆ ಕುರಿಗೆ ಹಿಡಿಸಲಿಲ್ಲ" ಎಂದು ಎಲ್ಲರನ್ನೂ ನಗಿಸಿ, ಹೊಸ ತಂತಿ ಏರಿಸುತ್ತಲೇ ಮಾತನಾಡಿದಳು. ಹಳೆಯ ಕಾಲದವರು ಈ ತಂತಿಯನ್ನು ಹರಿಯುವ ಅಂಚಿನವರೆಗೆ ಬಿಗಿದು, ಉಳಿದ ತಂತಿಗಳನ್ನು ಅದಕ್ಕೆ ಹೊಂದಿಸುತ್ತಿದ್ದರಂತೆ. ಅಂಚು ಎಲ್ಲಿದೆ ಎಂದು ಹರಿದ ಮೇಲೇ ತಿಳಿಯುವುದು ಎಂದಳು.

ಕಛೇರಿ ಮುಗಿದ ಮೇಲೆ ಜನ ವಾದ್ಯ ನೋಡಲು ಮುಂದೆ ಹೋದರು. ನಾನು ತಪ್ಪಿಸಿಕೊಂಡು ಹೊರಡುವುದರಲ್ಲಿದ್ದೆ. ಮರಿಯನ್ ದೂರದಿಂದಲೇ ಕೈ ಮಾಡಿ ಕರೆದಳು. "ಐದರ ಹಾಡಿಗೆ ತಾಳ ಹಾಕಿದವರು ನೀವೇ ತಾನೆ?" ನಾನು ಕ್ಷಮೆ ಕೇಳಲು ಬಾಯಿ ತೆಗೆದೆ. "ನಾನು ನಡುವೆ ತಾಳ ಬಿಟ್ಟು ಓಡಿಬಿಟ್ಟಿದ್ದೆ. ನಿಮ್ಮ ಕೈ ಓಡಲಿಲ್ಲ. ಅದನ್ನೇ ಹಿಡ್ಕೊಂಡು ವಾಪಸ್ ಬಂದೆ" ಎಂದಳು. ಶೈಲಾ ನನ್ನ ಕೈಯನ್ನು ಹೊಸದಾಗಿ ನೋಡಿದಳು. ಅಂದಹಾಗೆ, ಮರಿಯನ್ ಮಾತನಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅವಳು ಶುದ್ಧ ಮೈಸೂರಿನವಳ ಹಾಗೆಯೇ ಮಾತನಾಡುತ್ತಾಳೆ, ಏನು ಮಾಡಲಿ.

ಅವಳ ವಾದ್ಯದ ಕೊರಳಿಗೆ ಮೆಟ್ಟಿಲುಗಳ ಬದಲು ಕರುಳಿನ ಎಳೆಗಳನ್ನೇ ಸುತ್ತಿ ಗಂಟು ಹಾಕಿತ್ತು. ಬೆರಳಿನಿಂದ ತಳ್ಳಿದರೆ ಜರುಗುತ್ತವೆ. "ಎಲ್ಲಿ ಕಟ್ಟಬೇಕು ಅಂತ ಹೇಗೆ ಗೊತ್ತಾಗುತ್ತೆ?" ಎಂದೆ. "ಕಿವಿ" ಎಂದಳು. ಆ ಒಂದು ಮಾತಿಗೆ ನನಗೇನಾಯಿತೋ, ನಾಲ್ಕು ವರ್ಷದಿಂದ ಅತ್ತೆಗೆ ಹೇಳದ್ದನ್ನೆಲ್ಲ ಆ ಗುರುತಿಲ್ಲದ ಹೆಂಗಸಿಗೆ ಹೇಳಿಬಿಟ್ಟೆ, ಕಾರು, ಮೇಣ, ಕ್ಯಾಸೆಟ್ಟು ಎಲ್ಲ. ಅವಳು ಮೆಲ್ಬರ್ನಿನವಳು, ವಾದ್ಯ ಮಾಡುವುದೂ ರಿಪೇರಿ ಮಾಡುವುದೂ ಅವಳ ಕಸುಬು. "ಮೇಣದ ಕೆಲಸ ನನಗೆ ಗೊತ್ತಿಲ್ಲ. ಆದ್ರೆ ತಾಳ್ಮೆ ಇದೆ. ತಗೊಂಡು ಬನ್ನಿ" ಎಂದಳು. ಹೊರಡುವಾಗ ಆ ಹರಿದ ತಂತಿ ಕೊಡುತ್ತೀರಾ ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಕೊಟ್ಟಳು.

ಜೂನ್ ತಿಂಗಳ ಲಾಂಗ್ ವೀಕೆಂಡಿನಲ್ಲಿ ಹೊರಟೆವು. ಸಿಡ್ನಿಯಿಂದ ಮೆಲ್ಬರ್ನಿಗೆ ಒಂದು ಇಡೀ ದಿನದ ದಾರಿ, ನಡುಚಳಿಗಾಲ. ಹಿಂದಿನ ಸೀಟಿನಲ್ಲಿ ವೀಣೆಗೆ ಎರಡು ಸೀಟ್ ಬೆಲ್ಟು, ಮುಂದೆ ಶೈಲಾಗೆ ಎರಡು ರಗ್ಗು. ನಾನು ಹೀಟರ್ ಹಾಕಲು ಬಿಡಲಿಲ್ಲ.

"ಮೇಣ ಕರಗುತ್ತೆ."

"ಕರಗೋಕೆ ಇನ್ನೇನ್ರೀ ಉಳಿದಿದೆ ಅದ್ರಲ್ಲಿ?"

ನ್ಯಾಯವಾದ ಮಾತು. ಆದರೂ ಹಾಕಲಿಲ್ಲ. ಒಮ್ಮೆ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ರಾತ್ರಿ ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಗೆಳೆಯನ ಮನೆಯಲ್ಲಿ ಉಳಿದು, ಮರುದಿನ ಬೆಳಗ್ಗೆ ಮರಿಯನ್‌ಳ ಮನೆಯ ಹಿಂದಿನ ಶೆಡ್ಡಿಗೆ ಹೋದೆವು. ಗೋಡೆಯ ತುಂಬ ಹಳೆಯ ಚಿತ್ರಗಳ ಪ್ರತಿಗಳು. ದೇವದೂತರು ವಿಹುವೆಲಾ ಹಿಡಿದು ಕೂತಿದ್ದಾರೆ. ಅವರ ಬೆರಳು ಎಲ್ಲಿದೆ, ತಂತಿ ಎಷ್ಟಿದೆ ಎಂದು ಮರಿಯನ್ ಭೂತಗನ್ನಡಿ ಹಿಡಿದು ಎಣಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಳು. ಆ ಕಾಲದ ವಿಹುವೆಲಾಗಳು ಪ್ರಪಂಚದಲ್ಲಿ ಉಳಿದಿರುವುದು ಎರಡೋ ಮೂರೋ ಅಂತೆ. ಅವುಗಳ ದನಿ ಹೇಗಿತ್ತೆಂದು ಹೇಳಬಲ್ಲವರು ಯಾರೂ ಇಲ್ಲ. ಹಾಗಿದ್ದೂ ಈಕೆ ಇಪ್ಪತ್ತು ವರ್ಷದಿಂದ ಆ ದನಿಯ ಹಿಂದೆ ಬಿದ್ದಿದ್ದಾಳೆ. ನಾನು ಮನುಷ್ಯರನ್ನು ಸುಲಭವಾಗಿ ಮೆಚ್ಚುವವನಲ್ಲ. ಆ ಶೆಡ್ಡಿನಲ್ಲಿ ನಿಂತು ಮನಸ್ಸಿನಲ್ಲೇ ಅವಳಿಗೆ ಕೈ ಮುಗಿದೆ.

ಹಳೆಯ ಮೇಣವನ್ನೆಲ್ಲ ಕೆರೆದು, ಜೇನುಮೇಣಕ್ಕೆ ಕಪ್ಪು ಪುಡಿ ಸೇರಿಸಿ ಕರಗಿಸಿದಳು. ಆ ವಾಸನೆ ಬಂತು. ಮೊದಲ ಮೆಟ್ಟಿಲು ಇಟ್ಟು, "ಇಲ್ಲಿ ಸರೀನಾ?" ಎಂದಳು. ಮೀಟಿದೆ.

"ಸರಿ ಅನ್ಸುತ್ತೆ."

"ಅನ್ಸುತ್ತಾ, ಸರೀನಾ?"

ಶ್ರುತಿ ತೋರಿಸುವ ಮೆಷಿನ್ ಇಟ್ಟು ನೋಡೋಣ ಎಂದೆ. "ಮೆಷಿನ್ನಿಗೆ ಪಿಯಾನೋ ಗೊತ್ತು. ನಿಮ್ಮತ್ತೆ ಗೊತ್ತಾ?" ಎಂದು ಕೇಳಿದಳು. ಆಮೇಲೆ ಒಲೆ ಸಣ್ಣದು ಮಾಡಿ ನನ್ನ ಎದುರಿಗೆ ಕೂತು ಸಲೀಮನ ಕಥೆ ಹೇಳಿದಳು. ಸಿಡ್ನಿಯಲ್ಲಿ ನಾವು ಕೇಳಿದ ಆ ಐದರ ಹಾಡು ಅವಳಿಗೆ ಹಳೆಯ ಬರಹವೊಂದರಲ್ಲಿ ಸಿಕ್ಕಿದ್ದು. ಒಂದು ತಿರುವು ಹೇಗೆ ನುಡಿಸಿದರೂ ಮೂಳೆಯ ಹಾಗೆ ಬರಡಾಗಿ ಕೇಳುತ್ತಿತ್ತಂತೆ. ಸಲೀಮನ ಹಿರಿಯರು ಮೊರಾಕೋದವರು. ಸ್ಪೇನಿನಿಂದ ಓಡಿಸಲ್ಪಟ್ಟ ಮೂರ್ ಮನೆತನಗಳು ಹಾಡುಗಳನ್ನು ಅಲ್ಲಿಗೇ ಹೊತ್ತುಕೊಂಡು ಹೋಗಿದ್ದವು. ಅವನು ತನ್ನ ಅಜ್ಜಿಗೆ ಫೋನ್ ಮಾಡಿದ. ಅಜ್ಜಿ ರೊಟ್ಟಿ ಬೇಯಿಸುತ್ತಾ ಒಂದು ಜೋಗುಳ ಗುನುಗಿದಳು. ಅದರಲ್ಲಿ ಅಂಥದೇ ತಿರುವಿತ್ತು.

"ಅದು ಅದೇ ಅಂತ ಸಾಬೀತು ಮಾಡೋಕೆ ನನ್ನಿಂದಾಗಲ್ಲ. ಆದ್ರೆ ಕೇಳಿದ ಮೇಲೆ ಬೇರೆ ಥರ ನುಡಿಸೋಕೂ ಆಗ್ಲಿಲ್ಲ" ಎಂದಳು. "ನಾನು ಕೇಳಬೇಕಾದವರೆಲ್ಲ ಸತ್ತು ಐನೂರು ವರ್ಷ ಆಯ್ತು. ನಿಮಗೆ ಕೇಳೋಕೆ ಜನ ಇದಾರಾ?"

"ಇದಾರೆ."

"ಮತ್ತೆ ಕೇಳಿ."

ಮಧ್ಯಾಹ್ನ ಎರಡು ಗಂಟೆ, ಮೈಸೂರಿನಲ್ಲಿ ಬೆಳಗ್ಗೆ ಒಂಬತ್ತೂವರೆ. ಫೋನನ್ನು ಸ್ಪೀಕರಿಗೆ ಹಾಕಿ ಬೆಂಚಿನ ಮೇಲಿಟ್ಟೆ. ಅತ್ತೆ ಎಡಗಿವಿಗೆ ರಿಸೀವರ್ ಒತ್ತಿಕೊಂಡು "ನುಡಿಸಿದ್ಯೇನೋ?" ಎಂದಳು. "ಇಲ್ಲ ಅತ್ತೆ" ಎಂದೆ. ನಾಲ್ಕು ವರ್ಷದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಮೇಣ ಕರಗಿದ್ದು, ವಾರವಾರವೂ ಸುಳ್ಳು ಹೇಳಿದ್ದು, ಕ್ಯಾಸೆಟ್ ಹಾಕಿದ್ದು. ನನ್ನ ದನಿ ಎಲ್ಲೆಲ್ಲಿ ಒಡೆಯಬಾರದಿತ್ತೋ ಅಲ್ಲೆಲ್ಲ ಒಡೆಯಿತು.



"ಕ್ಯಾಸೆಟ್ ವಿಷಯ ಗೊತ್ತು ಕಣೋ" ಎಂದಳು ಅತ್ತೆ. "ಕೊನೇಲಿ ಕುಕ್ಕರ್ ಕೂಗಿತಲ್ಲ, ಅದು ನಮ್ಮನೆ ಕುಕ್ಕರ್ರು. ಎರಡನೇ ಕೂಗಿಗೆ ಕೆಮ್ಮುತ್ತೆ. ನಮ್ಮನೆ ಕುಕ್ಕರ್ ನನಗೆ ಗೊತ್ತಾಗಲ್ವೇನೋ ಮಂಕೆ?"

"ಮತ್ತೆ ಅವತ್ತು ಬೆರಳು ಸೋಮಾರಿ ಅಂದ್ಯಲ್ಲ ಅತ್ತೆ?"

"ಸೋಮಾರೀನೇ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ."

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ಬೈದಿದ್ರೆ ನೀನು ಭಾನುವಾರ ಫೋನ್ ಮಾಡೋದೇ ನಿಲ್ಲಿಸ್ತಿದ್ದೆ."

ಶೈಲಾ ಶೆಡ್ಡಿನ ಕಿಟಕಿಯ ಕಡೆ ತಿರುಗಿ ನಿಂತಳು. ಕನ್ನಡ ಬಾರದ ಮರಿಯನ್ ಕೂಡ ಮೇಣ ಕಲಕುವುದನ್ನು ನಿಲ್ಲಿಸಿದ್ದಳು.

"ಮೇಣ ಬಿಸಿಯಾಗಿದೆಯಾ?" ಎಂದಳು ಅತ್ತೆ. "ಹಾಗಾದ್ರೆ ಅಳೋದು ಆಮೇಲೆ ಇಟ್ಕೋ. ವಿಜೀ, ಫ್ಯಾನ್ ಆರಿಸು. ತರಕಾರಿಯವನಿಗೆ ಮುಂದೆ ಹೋಗು ಅನ್ನು. ಹೂಂ, ಮೀಟು."

ಇಪ್ಪತ್ತನಾಲ್ಕು ಮೆಟ್ಟಿಲು, ಮೂರು ಗಂಟೆ. ನಾನು ಮೀಟುತ್ತಿದ್ದೆ, ಮೈಸೂರಿನಿಂದ ಅಪ್ಪಣೆ ಬರುತ್ತಿತ್ತು, ಮರಿಯನ್ ಬಿಸಿ ಚಾಕುವಿನಲ್ಲಿ ಮೇಣ ಮೆತ್ತಗೆ ಮಾಡಿ ಮೆಟ್ಟಿಲು ಜರುಗಿಸುತ್ತಿದ್ದಳು. ಮೊದಲ "ಒಂದು ಸಾಸಿವೆ ಮುಂದೆ" ಬಂದಾಗ ನಾನು ಅನುವಾದ ಮಾಡಿದೆ. ಮರಿಯನ್ ಅರ್ಥವಾಗದೆ ನೋಡಿದಳು, ಎದ್ದು ಹೋಗಿ ಅಡುಗೆಮನೆಯಿಂದ ಸಾಸಿವೆ, ಎಳ್ಳು, ಮೆಣಸು ತಂದು ಬೆಂಚಿನ ಮೇಲೆ ಒಂದೊಂದು ಕಾಳು ಸಾಲಾಗಿಟ್ಟಳು. ಒಂದು ಗಂಟೆಯಲ್ಲಿ ಅವಳೇ "ಎಳ್ಳು" ಎಂದು ಕನ್ನಡದಲ್ಲಿ ಹೇಳುತ್ತಿದ್ದಳು, ಅವಳ ಬಾಯಲ್ಲಿ ಅದು 'ಎಲು' ಆಗುತ್ತಿತ್ತು ಅಷ್ಟೆ. ನಡುವೆ ಅತ್ತೆಗೆ ಕುರಿಯ ಕರುಳಿನ ವಿಷಯವನ್ನು ಅಂಜುತ್ತಲೇ ಹೇಳಿದೆ. "ಅದಕ್ಕೇನೀಗ? ಮೃದಂಗಕ್ಕೆ ಏನು ಕಟ್ಟಿರ್ತಾರೆ ಅನ್ಕೊಂಡಿದೀಯ, ಪಂಚೇನಾ?" ಎಂದಳು.

ಹದಿನೇಳನೆಯ ಮೆಟ್ಟಿಲು. ಮೀಟಿದೆ. "ಎಳ್ಳಷ್ಟು ಹಿಂದೆ" ಎಂದೆ. ಅದೇ ಹೊತ್ತಿಗೆ ಫೋನಿನಿಂದಲೂ "ಎಳ್ಳಷ್ಟು ಹಿಂದೆ" ಎಂದು ಬಂತು. ಹನ್ನೊಂದು ಜಡೆಗಳ ನಡುವೆ ಕೂತು ಏನೂ ಕಲಿಯಲಿಲ್ಲ ಎಂದುಕೊಂಡಿದ್ದ ನನಗೆ, ಅತ್ತೆ ಕೇಳಿದ್ದು ಅವಳು ಕೇಳಿದ ಕ್ಷಣದಲ್ಲೇ ಕೇಳಿಸಿತ್ತು. ಆಮೇಲಿನ ಏಳು ಮೆಟ್ಟಿಲಿಗೆ ಅವಳು ತೀರ್ಪು ಕೊಡಲಿಲ್ಲ. "ನೀನು ಹೇಳು. ನಾನು ಹೂಂ ಅಂತೀನಿ" ಎಂದಳು. ಏಳು ಸಲವೂ ಹೂಂ ಎಂದಳು.

ಮೇಣ ತಣ್ಣಗಾದ ಮೇಲೆ ಅವಳು ಕಲಿಸಿದ ಮೊದಲ ಗೀತೆ ನುಡಿಸಿದೆ, ಕೆಟ್ಟದಾಗಿಯೇ ನುಡಿಸಿದೆ. ಅತ್ತೆ ಬಯ್ಯಲಿಲ್ಲ. "ಈಗ ಆ ಹುಡುಗಿ ನುಡಿಸ್ಲಿ" ಎಂದಳು. ಐವತ್ತು ದಾಟಿದ ಮರಿಯನ್‌ಗೆ ಹುಡುಗಿ ಎಂಬುದನ್ನು ಅನುವಾದಿಸಿದಾಗ ಬಹಳ ಖುಷಿಯಾಯಿತು. ವಿಹುವೆಲಾ ತೆಗೆದು ಆ ಐದರ ಹಾಡನ್ನೇ ಶುರುಮಾಡಿದಳು. ನಾಲ್ಕು ಆವರ್ತ ಕಳೆದಿರಬೇಕು, ಫೋನಿನೊಳಗಿಂದ ಪಟ್, ಪಟ್ ಎಂದು ಸದ್ದು ಬಂತು. ಚಾಮರಾಜಪುರಂನ ನಡುಮನೆಯಲ್ಲಿ ಪದ್ದತ್ತೆ ತೊಡೆ ತಟ್ಟಿ ತಾಳ ಹಾಕುತ್ತಿದ್ದಳು. ಮರಿಯನ್ ನುಡಿಸುತ್ತಲೇ ಶೈಲಾಳ ಕಡೆ ನೋಡಿ ಹುಬ್ಬು ಹಾರಿಸಿದಳು. ಈ ಸಲ ಕೈಯನ್ನು ಕೈಚೀಲದ ಕೆಳಗೆ ಒತ್ತಿಡುವವರು ಯಾರೂ ಇರಲಿಲ್ಲ. ನಾನೂ ತಟ್ಟಿದೆ.

ಹಾಡು ಮುಗಿದಾಗ ಅತ್ತೆ ಹೇಳಿದ್ದು ಇಷ್ಟು. "ಭೇಷ್ ಅಂತ ಹೇಳು. ಆಮೇಲೆ, ಆ ಎರಡನೇ ತಂತಿ ಅರ್ಧ ಎಳ್ಳಷ್ಟು ಇಳಿದಿದೆ ಅಂತ್ಲೂ ಹೇಳು." ಮರಿಯನ್ ತಂತಿ ಮೀಟಿ, ತಲೆ ಓರೆ ಮಾಡಿ ಕೇಳಿ, ಬಿರಡೆ ತಿರುಗಿಸಿದಳು. ಇಳಿದಿತ್ತು.

ಇದೆಲ್ಲ ಆಗಿ ಬಹಳ ವರ್ಷವಾಯಿತು. ಆ ಮೇಳ ಇನ್ನೂ ಗಟ್ಟಿಯಾಗಿದೆ, ಬೇಸಿಗೆಯಲ್ಲಿ ವೀಣೆ ಇರುವ ಕೋಣೆಗೆ ಮಾತ್ರ ನಮ್ಮ ಮನೆಯಲ್ಲಿ ಏಸಿ ಓಡುತ್ತದೆ. ಪದ್ದತ್ತೆಯ ಎಡಗಿವಿ ಮರುವರ್ಷ ದಸರೆಯ ಹೊತ್ತಿಗೆ ಪೂರ್ತಿ ಹೋಯಿತು. ಆದರೆ ಭಾನುವಾರದ ಫೋನು ನಿಂತಿಲ್ಲ. ವಿಜಿ ಫೋನನ್ನು ಅವಳ ಕೈಗೆ ಕೊಡುತ್ತಾಳೆ. ಅತ್ತೆ ಮಾತನಾಡುತ್ತಾಳೆ, ನಾನು ಕೇಳುತ್ತೇನೆ. ಮೊದಲ ಪ್ರಶ್ನೆ ಈಗಲೂ ಅದೇ. "ನುಡಿಸಿದ್ಯೇನೋ?" ಕೇಳಿ, ಉತ್ತರಕ್ಕೆ ಎಷ್ಟು ಬೇಕೋ ಅಷ್ಟು ಹೊತ್ತು ಲೆಕ್ಕವಾಗಿ ಬಿಟ್ಟು, "ಒಳ್ಳೇದು, ಒಳ್ಳೇದು" ಎನ್ನುತ್ತಾಳೆ.

ಅವಳಿಗೆ ಕೇಳುತ್ತಿದ್ದಾಗ ನಾನು ಸುಳ್ಳು ಹೇಳಿದೆ. ಈಗ ಆ ಸ್ವಲ್ಪ ಹೊತ್ತಿನಲ್ಲಿ ನಾನು ಏನು ಹೇಳಿದರೂ ನಡೆಯುತ್ತದೆ, ಏನೂ ಹೇಳದಿದ್ದರೂ ನಡೆಯುತ್ತದೆ. ಅದಕ್ಕೇ ದಿನಾ ಬೆಳಗ್ಗೆ ಲ್ಯಾಬಿಗೆ ಹೊರಡುವ ಮೊದಲು ಒಂದು ಸರಳೆಯಾದರೂ ನುಡಿಸುತ್ತೇನೆ. ಭಾನುವಾರ ಅವಳು ಕೇಳಿ ಸುಮ್ಮನಾದಾಗ "ನುಡಿಸಿದೆ ಅತ್ತೆ" ಎನ್ನುತ್ತೇನೆ, ಸ್ವಲ್ಪ ಗಟ್ಟಿಯಾಗಿಯೇ.